ಶೆಡ್ಡಿನವರ ಮೇಲಿನ ದೂರು

ಮಂಗಳವಾರ ಬೆಳಗ್ಗೆ ಎಂಟೂವರೆಗೆ ವಸತಿ ಸಮುಚ್ಚಯದ ಕಾರ್ಯದರ್ಶಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ತಾರಸಿಯ ನೀರಿನ ಟ್ಯಾಂಕಿಗೆ ಯಾರೋ ಡೀಸೆಲ್ ಸುರಿದಿದ್ದರು. ನಿದ್ದೆಗಣ್ಣಲ್ಲೇ ನಲ್ಲಿಗೆ ಬಾಯಿಟ್ಟಿದ್ದ ಐದು ವರ್ಷದ ಹುಡುಗಿ ಆಸ್ಪತ್ರೆ ಸೇರಿದ್ದಳು.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಕೇಳಿದರು.

"ಅನುಮಾನ ಏನು ಬಂತು ಸಾರ್? ಗೋಡೆಯಾಚೆ ತಗಡಿನ ಶೆಡ್ಡಿನೋರೇ. ಹುಟ್ಟಾ ಕಳ್ಳರು. ಖಾಲಿ ಮಾಡ್ಸಿ ಅಂತ ಅರ್ಜಿ ಕೊಟ್ವಲ್ಲ, ಆ ಸೇಡಿಗೆ."

ಎಫ್‌ಐಆರ್ ದಾಖಲಿಸಿ ಒಂಬತ್ತೂಕಾಲಿಗೆ ಸ್ಥಳ ಮುಟ್ಟುವಷ್ಟರಲ್ಲಿ ಶೆಡ್ಡುಗಳೆದುರು ಮೂವತ್ತು ಜನ ಸೇರಿದ್ದರು. ಕೆಲವರ ಕೈಯಲ್ಲಿ ಕಬ್ಬಿಣದ ಸರಳು. ಶೆಡ್ಡಿನಲ್ಲಿದ್ದು ದಿನಾ ಸಮುಚ್ಚಯದ ಮನೆಮನೆಯ ಕಸ ಒಯ್ಯುವ ಮುದುಕಿಯನ್ನು ಹಿಡಿದು ನಿಲ್ಲಿಸಿದ್ದರು. ಅವಳ ರವಿಕೆಯ ತೋಳು ಹರಿದಿತ್ತು. ಇನ್‌ಸ್ಪೆಕ್ಟರ್ ಅವಳನ್ನು ಜೀಪು ಹತ್ತಿಸಿದರು. ಕಾಪಾಡಲೋ, ಬಂಧಿಸಲೋ, ಆ ಗಳಿಗೆಗೆ ಅವರಿಗೇ ತಿಳಿದಿರಲಿಲ್ಲ.

"ಆರು ಗಂಟೆಗೆ ಮೆಟ್ಟಿಲ ಹತ್ರ ಇದ್ಯಂತೆ?"

"ಇದ್ದೆ ಸ್ವಾಮಿ. ಕಸ ತಗೊಳ್ಳೋಕೆ."

"ಯಾರನ್ನ ನೋಡ್ದೆ?"

"ಯಾರನ್ನೂ ಇಲ್ಲ." ಕೇಳಿ ಮುಗಿಯುವ ಮೊದಲೇ ಉತ್ತರ ಬಂತು.

"ಬಾಯಿ ಬಿಡು! ನಿಮ್ಮೋರ ಬುದ್ಧಿ ಗೊತ್ತಿಲ್ವಾ ನಂಗೆ?"

ಮುದುಕಿ ತಲೆಯೆತ್ತಿದಳು. "ಯಾವ ನಮ್ಮೋರು ಸ್ವಾಮಿ?"

ಇನ್‌ಸ್ಪೆಕ್ಟರ್ ಜೀಪಿನ ಬಾಗಿಲು ಮುಚ್ಚಿದರು. ಮಹಿಳಾ ಪೇದೆಯ ಜತೆ ಅವಳನ್ನು ಠಾಣೆಗೆ ಕಳಿಸಿ ತಾರಸಿ ಹತ್ತಿದರು.

ಹತ್ತು ನಲವತ್ತಕ್ಕೆ ಪಂಚನಾಮೆ. ತಾರಸಿಯ ಬೀಗ ಒಡೆದಿರಲಿಲ್ಲ. ಕೀಲಿಯಿಂದಲೇ ತೆಗೆದಿದ್ದರು. ಕಾವಲುಗಾರನ ಪುಸ್ತಕದ ಪ್ರಕಾರ, ಸೋಮವಾರ ಸಂಜೆ ಕೀಲಿ ಪಡೆದವರು ಮೂರನೇ ಮಹಡಿಯ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಹೇಳುವ, ಇರುವೆಗೂ ದಾರಿ ಬಿಡುವ ಮನುಷ್ಯ. ತೆರವಿನ ಅರ್ಜಿ ಬರೆದುಕೊಟ್ಟವರೂ ಅವರೇ. ಅವರ ಬಚ್ಚಲಲ್ಲಿ ತೊಳೆದಿಟ್ಟ ಡಬ್ಬ ಇನ್ನೂ ಡೀಸೆಲ್ ನಾರುತ್ತಿತ್ತು. ಪಂಚರ ಸಮಕ್ಷಮ ಅದನ್ನು ವಶಪಡಿಸಿಕೊಂಡರು.

ಅಲ್ಲೇ ಎರಡು ತಾಸು ಪ್ರಶ್ನಿಸಿದರೂ ಮೇಷ್ಟ್ರು ಜಗ್ಗಲಿಲ್ಲ. "ಡಬ್ಬ ಯಾರದ್ದೋ" ಎಂಬುದೊಂದೇ ಪಾಠ.

ಅಷ್ಟರಲ್ಲಿ ಠಾಣೆಯಿಂದ ಮಹಿಳಾ ಪೇದೆಯ ಫೋನು ಬಂತು. ಇನ್‌ಸ್ಪೆಕ್ಟರ್ ಸ್ಪೀಕರ್ ಹಾಕಿದರು.

"ಸಾರ್, ಅಜ್ಜಿ ತಾನೇ ಸುರಿದೆ ಅಂತಾರೆ. ಟ್ಯಾಂಕ್ ಎಲ್ಲಿದೆ ಅಂದ್ರೆ ನೆಲದಡೀಲಿ ಅಂತಾರೆ. ಯಾರನ್ನೋ ಉಳಿಸ್ತಿದಾರೆ."

ಮೇಷ್ಟ್ರು ಫೋನಿಗೆ ಕೈ ಅಡ್ಡ ಹಿಡಿದರು. "ನಾನೇ ಸಾರ್. ಬೆಳಗ್ಗೆ ಡಬ್ಬ ಹಿಡ್ಕೊಂಡು ಹತ್ತೋವಾಗ ಅವಳು ನೋಡಿದ್ಲು," ಎಂದರು.

ನಾಲ್ಕು ಹತ್ತಕ್ಕೆ ಬಂಧನ. ತಾನು ಹುಟ್ಟಿದ್ದೇ ಅಂಥದ್ದೊಂದು ಶೆಡ್ಡಿನಲ್ಲಿ ಎಂದು ಮೇಷ್ಟ್ರು ಬಾಯ್ಬಿಟ್ಟಾಗ ಕಾರ್ಯದರ್ಶಿಯ ಮುಖ ಅರಳಿತು. "ನೋಡಿದ್ರಾ ಸಾರ್, ಕೊನೆಗೂ ಶೆಡ್ಡಿನೋನೇ!"

"ನೀವು ಸ್ವಲ್ಪ ಆಚೆ ಹೋಗಿ," ಎಂದರು ಇನ್‌ಸ್ಪೆಕ್ಟರ್, ಹಲ್ಲು ಕಚ್ಚಿ.

ಠಾಣೆಯ ಬೆಂಚಿನಲ್ಲಿ ಕೂತು ಮೇಷ್ಟ್ರು ಹೇಳಿಕೆ ಬರೆಸಿದರು. "ಎರಡು ತಿಂಗಳ ಹಿಂದೆ ಗೇಟಿನ ಹತ್ರ ಅವಳು ನನ್ನ ಗುರುತು ಹಿಡಿದು, 'ಪುಟ್ಟಾ' ಅಂತ ಕರೆದ್ಲು. ನಾನು ತಿರುಗ್ಲಿಲ್ಲ. ಆಮೇಲೆ ಅವಳು ಕರೀಲೂ ಇಲ್ಲ. ಆದ್ರೆ ದಿನಾ ಬೆಳಗ್ಗೆ ಅವಳ ಹೆಜ್ಜೆ ಸದ್ದಿಗೆ ಬಾಗಿಲ ಹಿಂದೆ ಬೆವರ್ತಿದ್ದೆ. ಶೆಡ್ಡಿನೋನು ಅನ್ನಿಸ್ಕೊಂಡೇ ಬೆಳೆದೆ ಸಾರ್. ಇನ್ನೊಂದ್ಸಲ ಅನ್ನಿಸ್ಕೊಳ್ಳೋ ಶಕ್ತಿ ಇರ್ಲಿಲ್ಲ. ವಾಸನೆಗೇ ಗೊತ್ತಾಗುತ್ತೆ, ಯಾರೂ ಕುಡಿಯಲ್ಲ, ತಪ್ಪು ಅವರ ಮೇಲೆ ಹೋಗುತ್ತೆ, ಜಾಗ ಖಾಲಿಯಾಗುತ್ತೆ ಅಂದ್ಕೊಂಡೆ... ಆ ಮಗು ಹೇಗಿದೆ?"

"ಉಸಿರಾಟ ಸರಿಹೋಗಿದೆ."

ಮುದುಕಿಯನ್ನು ಒಳಗೆ ಕರೆಸಿದರು. ಇನ್‌ಸ್ಪೆಕ್ಟರ್ ಎದ್ದು ಕುರ್ಚಿ ಎಳೆದುಕೊಟ್ಟರು. "ಕೂತ್ಕೊಳ್ಳಿ. ಆರೋಪಿ ನಿಮಗೇನಾಗ್ಬೇಕಮ್ಮ?"

ಅವಳು ಮೇಷ್ಟ್ರ ಕಡೆ ನೋಡಲೇ ಇಲ್ಲ. "ಏನೂ ಇಲ್ಲ ಸ್ವಾಮಿ. ಅವರು ದೊಡ್ಡೋರು."

ಇನ್‌ಸ್ಪೆಕ್ಟರ್ ಬರೆಯದೆ ಕಾದರು.

"ಅಕ್ಕ ಅಂತ ಬರ್ಕೊಳ್ಳಿ ಸಾರ್," ಮೇಷ್ಟ್ರು ಬೆಂಚಿನಿಂದ ಎದ್ದು ನಿಂತರು. "ನನ್ನ ಸ್ವಂತ ಅಕ್ಕ."