ಜೀರುಂಡೆ ಕಟ್ಟಿದ ಬೂಟಿನ ಹಾಡು

ನೀರಿನ ನಲ್ಲಿಯ ಮುಂದೆ ಸಾಲಾಗಿ ನಿಂತಿದ್ದ ಎರಡನೇ ಕ್ಲಾಸಿನ ಮಕ್ಕಳು ಖಾಲಿ ಬಾಟಲಿ ಬಡಿಯುತ್ತಾ ಹಾಡುತ್ತಿದ್ದರು.

ಬೂಟು ಬಂತು, ಬೂಟು ಬಂತು,
ಟಪಕ್ ಟಪಕ್ ಟಪಕ್.
ಕಾಲು ಎಲ್ಲಿ, ಕಾಲು ಎಲ್ಲಿ?
ಬೂಟು ನುಂಗ್ತು ಗಪಕ್.

‘ಗಪಕ್’ ಬಂದ ಕೂಡಲೇ ಎಲ್ಲರೂ ಬಾಯಿ ಮುಚ್ಚಿ ಕೆನ್ನೆ ಉಬ್ಬಿಸುತ್ತಿದ್ದರು. ಆಮೇಲೆ ಬಿದ್ದು ಬಿದ್ದು ನಗುತ್ತಿದ್ದರು.

ಜೀರುಂಡೆ ಕಂಬದ ಮರೆಯಲ್ಲಿ ನಿಂತು ಕೇಳಿದಳು. ಅವಳ ಬೆರಳು ಕಂಬದ ಮೇಲೆ ತಾಳ ಹಾಕಿತು. ಈ ಪುಟಾಣಿಗಳಲ್ಲಿ ಒಬ್ಬರ ಪರಿಚಯವೂ ಅವಳಿಗಿರಲಿಲ್ಲ. ಆದರೂ ಅವರ ಬಾಯಲ್ಲಿದ್ದದ್ದು ಅವಳ ಹಾಡು. ಸೋಮವಾರ ಕಟ್ಟಿದ್ದಳು, ಬೆಂಚಿನ ಗೆಳತಿ ರೇಡಿಯೋಗೆ ಮಾತ್ರ ಹೇಳಿದ್ದಳು. ರೇಡಿಯೋ ಕಿವಿಗೆ ಬಿದ್ದದ್ದು ಇಡೀ ಸ್ಕೂಲಿಗೆ ಮುಟ್ಟುತ್ತಿತ್ತು. ಅವಳಿಗೆ ಆ ಹೆಸರು ಬಂದಿದ್ದೇ ಅದಕ್ಕೆ.

ಜೀರುಂಡೆ ಎಂಬ ಹೆಸರಿಟ್ಟವನು ಅವಳ ಅಣ್ಣ. ಹಲ್ಲುಜ್ಜುವಾಗ, ಲೆಕ್ಕ ಮಾಡುವಾಗ, ಅಮ್ಮನ ಇಸ್ತ್ರಿ ಅಂಗಡಿಯಲ್ಲಿ ಬಟ್ಟೆ ಮಡಿಸುವಾಗ ಅವಳು ಗುಂಯ್ ಎಂದು ಏನಾದರೂ ಗುನುಗುತ್ತಲೇ ಇರುತ್ತಿದ್ದಳು. ದೊಡ್ಡವಳಾದ ಮೇಲೆ ಏನಾಗುತ್ತೀ ಎಂದು ಯಾರಾದರೂ ಕೇಳಿದರೆ ಹಾಡುಗಾರ್ತಿ ಎಂದಷ್ಟೇ ಹೇಳಿ ಬಿಡುತ್ತಿರಲಿಲ್ಲ. ಬೇರೆಯವರು ಕಟ್ಟಿದ ಹಾಡಲ್ಲ, ನಾನೇ ಕಟ್ಟಿ ನಾನೇ ಹಾಡೋದು ಎಂದು ಒತ್ತಿ ಹೇಳುತ್ತಿದ್ದಳು.

ಹೋದ ತಿಂಗಳು ಸಂಗೀತದ ಮಿಸ್ ಸ್ಕೂಲ್ ಡೇಗೆ ಹಾಡುವವರನ್ನು ಆರಿಸಿದಾಗ ಅವಳ ಹೆಸರು ಬರಲಿಲ್ಲ. ಗಂಟಲು ಕೆಟ್ಟಿತ್ತು, ನಾನೇ ಹಾಡಲ್ಲ ಅಂದೆ ಎಂದು ಎಲ್ಲರಿಗೂ ಹೇಳಿದ್ದಳು. ನಿಜ ಗೊತ್ತಿದ್ದದ್ದು ಅವಳಿಗೆ ಮತ್ತು ಮಿಸ್‌ಗೆ ಮಾತ್ರ.

ಹಾಡಿನ ಬೂಟು ಹೊಸಬನದು. ಅವನು ಈ ವರ್ಷ ಅವಳ ಕ್ಲಾಸಿಗೆ ಬಂದು ಸೇರಿದ ಹುಡುಗ. ಯಾರೋ ದೊಡ್ಡವರು ಹಾಕಿ ಬಿಟ್ಟ ಅವನ ಬೂಟು ಅವನ ಕಾಲಿಗಿಂತ ಬಹಳ ದೊಡ್ಡದು. ನಡೆದರೆ ಹಿಮ್ಮಡಿ ಮೇಲೆದ್ದು ಕೆಳಗೆ ಬಡಿದು ಟಪಕ್ ಟಪಕ್ ಎನ್ನುತ್ತಿತ್ತು. ಅವನನ್ನು ಆಡಿಕೊಳ್ಳಬೇಕೆಂದು ಜೀರುಂಡೆ ಹಾಡು ಕಟ್ಟಿರಲಿಲ್ಲ. ಆ ಸದ್ದೇ ಅಷ್ಟು ಚೆನ್ನಾಗಿತ್ತು. ಕಾರಿಡಾರಿನಲ್ಲಿ ಅದನ್ನು ಕೇಳುತ್ತಾ ನಡೆದಾಗ ಮಾತು ತಾನಾಗಿ ಬಂದು ಅದರ ಮೇಲೆ ಕೂತುಬಿಟ್ಟಿತ್ತು.

ಅಷ್ಟರಲ್ಲಿ ಹೊಸಬನೇ ಬಾಟಲಿ ಹಿಡಿದುಕೊಂಡು ನಲ್ಲಿಯ ಕಡೆಗೆ ಬಂದ. ಪುಟಾಣಿಗಳು ಅವನ ಕಾಲು ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಾಡು ಎರಡರಷ್ಟು ಜೋರಾಯಿತು.

ಹೊಸಬ ನಿಂತ. ನೀರು ಹಿಡಿಯದೆ ಹಾಗೇ ತಿರುಗಿದ. ವಾಪಸು ಹೋಗುವಾಗ ಸದ್ದಾಗಬಾರದೆಂದು ಕಾಲ್ಬೆರಳ ತುದಿಯಲ್ಲಿ ನಡೆದ. ದೊಡ್ಡ ಬೂಟಿನಲ್ಲಿ ಹಾಗೆ ನಡೆಯುವುದು ಸುಲಭವಲ್ಲ. ಮೆಟ್ಟಿಲ ಹತ್ತಿರ ಮುಗ್ಗರಿಸಿದ. ಪುಟಾಣಿಗಳು ‘ಗಪಕ್’ ಎಂದು ಕಿರುಚಿದರು.

ಕಂಬದ ಮೇಲೆ ತಾಳ ಹಾಕುತ್ತಿದ್ದ ಜೀರುಂಡೆಯ ಬೆರಳು ನಿಂತುಹೋಯಿತು.

ಮಾರನೆಯ ದಿನದಿಂದ ಹೊಸಬ ಕಾರಿಡಾರಿನಲ್ಲಿ ಕಾಣಲಿಲ್ಲ. ಲೈಬ್ರರಿ ಹಿಂದಿನ ಮುಳ್ಳುಬೇಲಿ ಸುತ್ತಿಕೊಂಡು ಕ್ಲಾಸಿಗೆ ಬರುತ್ತಿದ್ದ. ಪ್ಯಾಂಟಿಗೆಲ್ಲ ಮುಳ್ಳು ಹತ್ತಿರುತ್ತಿತ್ತು. ಆಟದ ಪಿರಿಯಡ್‌ನಲ್ಲಿ ಹೊಟ್ಟೆನೋವು ಎಂದು ಹೇಳಿ ಕೂತುಬಿಡುತ್ತಿದ್ದ.

ಜೀರುಂಡೆ ಧೈರ್ಯ ಮಾಡಿ ಅವನ ಹತ್ತಿರ ಹೋದಳು. ಅವನು ಬಗ್ಗಿ ಪ್ಯಾಂಟಿನ ಮುಳ್ಳು ಕೀಳುತ್ತಿದ್ದ.

"ಆ ಹಾಡು ಕಟ್ಟಿದ್ದು ನಾನು. ಸಾರಿ" ಎಂದಳು.

ಅವನು ತಲೆ ಎತ್ತಿದ. "ನೀನಾ? ಯಾರೋ ದೊಡ್ಡ ಕ್ಲಾಸಿನವರು ಅಂದ್ಕೊಂಡಿದ್ದೆ."

"ಬೇಕು ಅಂತ ಮಾಡಿದ್ದಲ್ಲ."

"ನಮ್ಮನೇಲಿ ನನ್ನ ತಂಗೀನೂ ಹಾಡ್ತಾಳೆ. ಯಾರ ಬೂಟು ಅಂತ ಅವಳಿಗೆ ಗೊತ್ತಿಲ್ಲ" ಎಂದ ಹೊಸಬ. ಇನ್ನೊಂದು ಮುಳ್ಳು ಕಿತ್ತ. "ನೀನು ಸಾರಿ ಅಂದ್ರೆ ಅವರೆಲ್ಲ ಹಾಡೋದು ಬಿಟ್ಟುಬಿಡ್ತಾರಾ?"



ಜೀರುಂಡೆ ಕೈಕಟ್ಟಿ ಕೂರುವವಳಲ್ಲ. ಕ್ಲಾಸಿಂದ ಕ್ಲಾಸಿಗೆ ಹೋಗಿ ಆ ಹಾಡು ಹಾಡಬೇಡಿ ಎಂದು ಕೇಳಿಕೊಂಡಳು. ಹಾಡಬೇಡಿ ಎಂದದ್ದೇ ತಡ, ಮರೆತಿದ್ದವರಿಗೂ ಅದು ನೆನಪಾಯಿತು. ವಾಪಸು ಬರುವಾಗ ಅವಳ ಬೆನ್ನ ಹಿಂದೆಯೇ ಟಪಕ್ ಟಪಕ್ ಶುರುವಾಗಿತ್ತು. ನೀನೇ ಏನಾದರೂ ಮಾಡು ಎಂದು ರೇಡಿಯೋಗೆ ಗಂಟುಬಿದ್ದಳು.

"ನನಗೆ ಹಂಚೋದು ಬರುತ್ತೆ ಕಣೇ, ವಾಪಸ್ ತಗೊಳ್ಳೋದು ಬರಲ್ಲ" ಎಂದಳು ರೇಡಿಯೋ.

ಸಂಜೆ ಅಂಗಡಿಯಲ್ಲಿ ಜೀರುಂಡೆ ಗುನುಗದೆ ಕರವಸ್ತ್ರ ಮಡಿಸುತ್ತಿದ್ದುದನ್ನು ಅಮ್ಮ ಗಮನಿಸಿದಳು. ಏನಾಯಿತೆಂದು ಕೇಳಿದಳು. ಜೀರುಂಡೆ ಎಲ್ಲವನ್ನೂ ಹೇಳಿ, ಹಾಡನ್ನೂ ಸಣ್ಣ ದನಿಯಲ್ಲಿ ಹಾಡಿ ತೋರಿಸಿದಳು. ‘ಗಪಕ್’ ಬಂದಾಗ ಅಮ್ಮನ ತುಟಿಯಂಚಿನಲ್ಲಿ ನಗು ಬಂತು. ಕೂಡಲೇ ಅದನ್ನು ತಡೆದುಕೊಂಡಳು.

"ನೀನು ಹಾಕಿರೋ ಸ್ಕರ್ಟು ಯಾರದ್ದು?"

"ಅಕ್ಕಂದು." ಚಿಕ್ಕಮ್ಮನ ಮಗಳದು ಅದು. ಸೊಂಟದ ಹತ್ತಿರ ಮಡಿಸಿ ಹೊಲಿದದ್ದು.

ಅಮ್ಮ ಶರ್ಟಿನ ಕಾಲರ್ ತಿರುಗಿಸಿ ಇಸ್ತ್ರಿ ಒತ್ತಿದಳು.

ಆಗ ಗಿರಾಕಿಯೊಬ್ಬರು ಮಗುವನ್ನು ಎತ್ತಿಕೊಂಡು ಬಂದರು. ಅವರು ಬಟ್ಟೆ ಎಣಿಸುವಷ್ಟರಲ್ಲಿ ಮಗು ಮೇಜಿನ ಮೇಲಿದ್ದ ಕತ್ತರಿಗೆ ಕೈಹಾಕಿತು. ಅವರು ಕಸಿದುಕೊಳ್ಳಲು ಹೋದರು. ಮಗು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ಅಂಗಡಿ ಹಾರಿಹೋಗುವಂತೆ ಅತ್ತಿತು. ಎಳೀಬೇಡಿ, ಕೈ ಕುಯ್ದುಕೊಳ್ಳುತ್ತೆ ಎಂದಳು ಅಮ್ಮ. ಕೆಂಪು ಹ್ಯಾಂಗರ್ ಒಂದನ್ನು ತೆಗೆದು ಮಗುವಿನ ಕಣ್ಣ ಮುಂದೆ ತೂಗಾಡಿಸಿದಳು. ಮಗು ಅಳು ನಿಲ್ಲಿಸಿ ನೋಡಿತು. ಹ್ಯಾಂಗರಿಗೆ ಕೈಚಾಚಿತು. ಕತ್ತರಿ ತಾನಾಗಿ ಕೆಳಗೆ ಬಿತ್ತು.

ಜೀರುಂಡೆ ಮಡಿಸುವುದನ್ನು ನಿಲ್ಲಿಸಿ ಕತ್ತರಿಯನ್ನೂ ಹ್ಯಾಂಗರನ್ನೂ ನೋಡಿದಳು. ಕಿತ್ತುಕೊಳ್ಳಲು ಹೋಗಿದ್ದೇ ತಪ್ಪು. ಬೇರೆ ಹಾಡು ಕೊಡಬೇಕು.

ಅವತ್ತೇ ಕಟ್ಟಿದಳು. ‘ಒಳ್ಳೆ ಹುಡುಗ, ಜಾಣ ಹುಡುಗ, ಎಲ್ಲರ ಮೆಚ್ಚಿನ ಹೊಸಬ’ ಎಂದು ಶುರುವಾಗುತ್ತಿತ್ತು ಅದು. ಮಾರನೆಯ ದಿನ ಊಟದ ಬಿಡುವಿನಲ್ಲಿ ಹಾಡಿದಳು. ರೇಡಿಯೋ ಕೇಳುತ್ತಾ ಕೇಳುತ್ತಾ ಆಕಳಿಸಿದಳು. ಹೆಡ್ ಮಿಸ್ ಭಾಷಣದ ಥರ ಇದೆ, ಇದನ್ನು ಯಾರು ಹಾಡ್ತಾರೆ ಎಂದಳು. ಹಿಂದಿನ ಬೆಂಚಿನಿಂದ ಕೇಳಿಸಿಕೊಂಡಿದ್ದ ಹೊಸಬ ಎದ್ದು ಬಂದ. ಅವನ ಕಿವಿ ಕೆಂಪಾಗಿತ್ತು.

"ನನ್ನ ಮೇಲೆ ಹಾಡು ಬೇಡ. ಒಳ್ಳೇದೂ ಬೇಡ."

"ಮತ್ತೆ ಯಾರ ಮೇಲೆ ಕಟ್ಟಲಿ?"

"ನನಗೇನು ಗೊತ್ತು. ನಿನ್ನ ಮೇಲೇ ಕಟ್ಕೋ."

ಸಿಟ್ಟಿನಲ್ಲಿ ಆಡಿದ ಮಾತು ಅದು. ಆದರೆ ಜೀರುಂಡೆ ಅದನ್ನು ಮನೆಯವರೆಗೂ ಹೊತ್ತುಕೊಂಡು ಹೋದಳು.

ತನ್ನ ಮೇಲೆ ಹಾಡು ಕಟ್ಟುವುದು ಏನು ಮಹಾ ಕಷ್ಟ ಎಂದುಕೊಂಡು ಶುರುಮಾಡಿದಳು. ಗುಂಯ್ ಎನ್ನುವುದರ ಮೇಲೆ ಒಂದು ಕಟ್ಟಿದಳು. ಮುದ್ದಾಗಿತ್ತು, ಅಷ್ಟೇ. ಬೆಳಿಗ್ಗೆ ತಡವಾಗಿ ಏಳುವುದರ ಮೇಲೆ ಇನ್ನೊಂದು ಕಟ್ಟಿದಳು. ಅಣ್ಣ ಕೇಳಿ, ಇದು ಎಲ್ಲರ ಮನೇಲೂ ಇರೋದೇ ಎಂದ. ಬೂಟಿನ ಹಾಡಿನಲ್ಲಿದ್ದ ಏನೋ ಒಂದು ಇವುಗಳಲ್ಲಿ ಇರಲಿಲ್ಲ. ಏನದು ಎಂದು ಯೋಚಿಸುತ್ತಾ ಭಾನುವಾರವೆಲ್ಲ ದಿಂಬಿನ ಕವರು ಮಡಿಸಿದಳು.

ಬೂಟಿನ ಹಾಡು ನಿಜವಾಗಿತ್ತು. ಅವನು ಮುಚ್ಚಿಡಬೇಕೆಂದಿದ್ದದ್ದು ಅದರಲ್ಲಿತ್ತು. ಅದಕ್ಕೇ ಅದು ಎಲ್ಲರಿಗೂ ಅಷ್ಟು ರುಚಿಸಿದ್ದು.

ಹಾಗಾದರೆ ತಾನು ಮುಚ್ಚಿಟ್ಟಿರುವುದು?

ಅವಳ ಕೈ ನಿಂತಿತು. ಬೇರೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ. ಅದೊಂದೇ ಕಣ್ಣ ಮುಂದೆ ಕೂತಿತ್ತು. ಸಂಗೀತದ ರೂಮು. ಮೇಲಿನ ಸ್ವರಕ್ಕೆ ಹೋಗು ಎಂದ ಮಿಸ್. ತುದಿಗೆ ಮುಟ್ಟುವಷ್ಟರಲ್ಲಿ ಹಳೇ ಬಟ್ಟೆಯಂತೆ ಹರಿದುಹೋದ ಅವಳ ದನಿ. ಸಾಕು ಕೂತ್ಕೋ ಎಂಬ ಮಾತು.

ಆಮೇಲೆ ಸಾಲುಗಳು ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೂಟಿನ ರಾಗವೇ, ಅದೇ ತಾಳ.

ಹಾಡು ಹತ್ತಿ, ಮೆಟ್ಲು ಹತ್ತಿ,
ಸರಕ್ ಸರಕ್ ಸರಕ್.
ಯಾರ ಕಂಠ? ನನ್ನ ಕಂಠ.
ಹರಿದು ಹೋಯ್ತು ಪರಕ್.

ಸೋಮವಾರ ರೇಡಿಯೋ ಮುಂದೆ ನಿಂತು ಹಾಡಿದಳು. ‘ಪರಕ್’ ಬಂದಾಗ ಬೇಕೆಂದೇ ದನಿಯನ್ನು ಒಡೆದಳು. ರೇಡಿಯೋ ನಕ್ಕು ಬೆಂಚು ಬಡಿದಳು. ಆಮೇಲೆ ನಗು ನಿಲ್ಲಿಸಿ ಅವಳನ್ನು ದಿಟ್ಟಿಸಿದಳು.

"ಗಂಟಲು ಕೆಟ್ಟಿತ್ತು ಅಂದಿದ್ದೆ?"

"ಕೆಟ್ಟಿರಲಿಲ್ಲ. ಮಿಸ್ಸೇ ಬೇಡ ಅಂದ್ರು."

"ಇದನ್ನ ನಾನು ಎಲ್ಲರಿಗೂ ಹೇಳಿಬಿಡ್ತೀನಿ, ನೋಡು."

"ಹೇಳು. ಅದಕ್ಕೇ ನಿನಗೆ ಹೇಳಿದ್ದು."

ರೇಡಿಯೋ ಮೊದಲ ಸಲ ಸ್ವಲ್ಪ ಹಿಂದೆಮುಂದೆ ನೋಡಿದಳು. ಆಮೇಲೆ ಹೋಗಿ ತನ್ನ ಕೆಲಸ ಮಾಡಿದಳು.

ಬುಧವಾರದ ಹೊತ್ತಿಗೆ ನಲ್ಲಿಯ ಮುಂದೆ ಸರಕ್ ಸರಕ್ ಕೇಳಿಸುತ್ತಿತ್ತು. ಮೂರನೇ ಕ್ಲಾಸಿನವರು ‘ಪರಕ್’ ಬಂದಾಗ ಕತ್ತು ಹಿಡಿದುಕೊಂಡು ನೆಲಕ್ಕೆ ಉರುಳುತ್ತಿದ್ದರು. ಆದರೆ ಜೀರುಂಡೆ ಲೆಕ್ಕ ಹಾಕಿರದ ಒಂದು ಸಂಗತಿ ನಡೆಯಿತು. ಮಕ್ಕಳು ‘ನನ್ನ ಕಂಠ’ ಎಂಬುದನ್ನು ಬಿಟ್ಟು ‘ಅವಳ ಕಂಠ’ ಎಂದು ಹಾಡಿದರು. ತಾಳಕ್ಕೆ ಸರಿಯಾಗಿ ಕೂತಿತ್ತು. ಹಾಡುವಾಗ ಅವಳ ಕಡೆಗೆ ಬೆರಳು ತೋರಿಸಿದರು.

ನಾನೇ ಕಟ್ಟಿದ ಹಾಡು, ನನಗೇನಾಗುತ್ತೆ ಎಂದುಕೊಂಡಿದ್ದಳು. ಆಯಿತು. ಕಿವಿ ಬಿಸಿಯಾಯಿತು. ಕಾಲು ತಾನಾಗಿ ಲೈಬ್ರರಿ ಹಿಂದಿನ ದಾರಿಯ ಕಡೆಗೆ ತಿರುಗಿತು. ಮುಳ್ಳುಬೇಲಿ ಕಂಡ ಮೇಲೆ ತಾನೆಲ್ಲಿಗೆ ಹೊರಟಿದ್ದೇನೆಂದು ಅವಳಿಗೆ ಗೊತ್ತಾಯಿತು.

ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಆಮೇಲೆ ತಿರುಗಿ, ಕಾರಿಡಾರಿನ ನಡುವೆಯೇ, ತನ್ನತ್ತ ಚಾಚಿದ ಬೆರಳುಗಳ ನಡುವೆಯೇ ನಡೆದು ಕ್ಲಾಸಿಗೆ ಹೋದಳು. ಮರುದಿನವೂ ಹಾಗೇ ಹೋದಳು. ಅದರ ಮರುದಿನವೂ.

ಬೂಟಿನ ಹಾಡು ಒಂದೇ ಸಲಕ್ಕೆ ಸಾಯಲಿಲ್ಲ. ಯಾರೋ ಒಬ್ಬ ಶುರುಮಾಡುತ್ತಿದ್ದ. ಜೊತೆಗಿದ್ದವರು ಸರಕ್ ಸರಕ್ ಎಂದು ಅದನ್ನು ಬೇರೆ ಕಡೆಗೆ ಎಳೆದೊಯ್ಯುತ್ತಿದ್ದರು. ಬರಬರುತ್ತಾ ಶುರುಮಾಡುವವರೂ ಇಲ್ಲವಾದರು. ಒಂದು ಬೆಳಿಗ್ಗೆ ಜೀರುಂಡೆ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾಗ ಬೆನ್ನ ಹಿಂದೆ ಟಪಕ್ ಟಪಕ್ ಕೇಳಿಸಿತು. ಬಾಯಿಂದ ಬಂದದ್ದಲ್ಲ, ನೆಲದಿಂದ ಬಂದದ್ದು. ಹೊಸಬ ಬಾಟಲಿ ಹಿಡಿದುಕೊಂಡು ನಿಂತಿದ್ದ.

ಅವಳು ಸರಿದು ಜಾಗ ಕೊಟ್ಟಳು. ಅವನು ಬಾಟಲಿ ತುಂಬಿಸಿಕೊಂಡ. ಮುಚ್ಚಳ ತಿರುಗಿಸುತ್ತಾ, "ನನ್ನ ಹಾಡಿಗಿಂತ ನಿನ್ನದೇ ಚೆನ್ನಾಗಿದೆ" ಎಂದ.

"ಎರಡೂ ನಂದೇ" ಎಂದಳು ಜೀರುಂಡೆ.

ಅವನು ನಕ್ಕ. ಅವನ ನಗು ಅವಳು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ರೇಡಿಯೋ ಓಡಿಬಂದಳು. ಉಸಿರು ಸಾಲದೆ ತುಂಡು ತುಂಡಾಗಿ ಹೇಳಿದಳು. ಒಂದನೇ ಕ್ಲಾಸಿನ ಹುಡುಗನೊಬ್ಬ ಜಾರುಬಂಡೆಯಲ್ಲಿ ಜಾರುವಾಗ ಚಡ್ಡಿ ಹಿಂದುಗಡೆ ಪೂರ್ತಿ ಹರಿದಿದೆ, ಒಳಗೆ ಬಾತುಕೋಳಿ ಚಿತ್ರದ ಚಡ್ಡಿ ಇದೆ, ನೋಡಿದವರೆಲ್ಲ ನಗ್ತಿದ್ದಾರೆ.

"ಬೇಗ ಒಂದು ಹಾಡು ಕಟ್ಟೇ. ಬೆಲ್ ಹೊಡೆಯೋದ್ರೊಳಗೆ ಎಲ್ಲ ಕ್ಲಾಸಿಗೂ ತಲುಪಿಸ್ತೀನಿ."

ಕಟ್ಟುವುದೇ ಬೇಕಿರಲಿಲ್ಲ. ರೇಡಿಯೋ ಹೇಳಿ ಮುಗಿಸುವ ಮೊದಲೇ ಅದು ಬಂದಿತ್ತು. ನಾಲ್ಕು ಸಾಲು. ಬಾತುಕೋಳಿ ನಡೆಯುವ ತಾಳ, ಕೊನೆಯಲ್ಲಿ ರೆಕ್ಕೆ ಬಡಿಯುವ ಸದ್ದು. ಅವಳು ಇದುವರೆಗೆ ಕಟ್ಟಿದ ಎಲ್ಲ ಹಾಡುಗಳಿಗಿಂತ ಚೆನ್ನಾಗಿತ್ತು. ನಾಲಿಗೆಯ ತುದಿಯಲ್ಲಿ ಕೂತು ಹೊರಗೆ ಹಾರಲು ಕಾಯುತ್ತಿತ್ತು.

ಕಾರಿಡಾರಿನ ಆ ತುದಿಯಲ್ಲಿ ಆ ಹುಡುಗ ಕಾಣಿಸಿದ. ಬ್ಯಾಗನ್ನು ಹಿಂದಕ್ಕೆ ಹಿಡಿದುಕೊಂಡು, ಬೆನ್ನನ್ನು ಗೋಡೆಗೆ ಒತ್ತಿಕೊಂಡು, ಏಡಿಯ ಹಾಗೆ ಪಕ್ಕಕ್ಕೆ ಪಕ್ಕಕ್ಕೆ ಸರಿದು ಬರುತ್ತಿದ್ದ.

ಜೀರುಂಡೆ ಬಾಯಿ ಮುಚ್ಚಿದಳು.

"ಬಂತಾ?" ಎಂದಳು ರೇಡಿಯೋ.

"ಇಲ್ಲ. ಏನೂ ಬರಲಿಲ್ಲ."

ರೇಡಿಯೋ ಬೇಸರದಿಂದ ಹೊರಟುಹೋದಳು. ಜೀರುಂಡೆ ತನ್ನ ಸ್ವೆಟರ್ ಬಿಚ್ಚಿಕೊಂಡು ಹುಡುಗನ ಹತ್ತಿರ ನಡೆದಳು. ಅದನ್ನು ಅವನ ಸೊಂಟಕ್ಕೆ ಸುತ್ತಿ, ತೋಳುಗಳನ್ನು ಮುಂದೆ ಗಂಟುಹಾಕಿದಳು. ಗಂಟು ಹಾಕುವಷ್ಟು ಹೊತ್ತೂ ಆ ನಾಲ್ಕು ಸಾಲು ಅವಳ ತಲೆಯೊಳಗೆ ರೆಕ್ಕೆ ಬಡಿಯುತ್ತಲೇ ಇತ್ತು. ಎಂಥ ಒಳ್ಳೆಯ ಹಾಡು. ಅವಳು ಅದನ್ನು ಗುನುಗಲೂ ಇಲ್ಲ.