ಮೂರನೆಯ ಹಿಡಿ

“ಹಳೇ ಬಣ್ಣಾ ಎಲ್ಲಾ ಕೆರಿ ತಮ್ಮಾ. ಬಾನೆಟ್ಟಿಗಷ್ಟ ಕೈ ಹಚ್ಚಬ್ಯಾಡ.”

ಇಷ್ಟು ಹೇಳಿ ಜಟ್ಟೆಪ್ಪ ತನ್ನ ಬಲಗೈಯನ್ನು ಅಂಗಿಯ ತೋಳಿನೊಳಕ್ಕೆ ಎಳೆದುಕೊಂಡ. ಅವನ ಅಣ್ಣನ ಮಗ ಸಂದೀಪ ಅದೇ ಗೊಗ್ಗರು ದನಿಯಲ್ಲಿ, ನಡುವಿನ ಕೆಮ್ಮನ್ನೂ ಬಿಡದೆ, ಆ ಮಾತನ್ನು ಹಾಗೆಯೇ ತಿರುಗಿ ಒಪ್ಪಿಸಿದ. ಪಕ್ಕದ ಪಂಕ್ಚರ್ ಅಂಗಡಿಯ ಕಾಂತೇಶ ನಗಲು ಹೋಗಿ ಚಹಾ ಮೂಗಿಗೆ ಹತ್ತಿಸಿಕೊಂಡ. ಜಟ್ಟೆಪ್ಪ ನಗಲಿಲ್ಲ.

ನೇಸರಗಿಯಿಂದ ಬೈಲಹೊಂಗಲಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಕಬ್ಬು ಶುರುವಾಗುವಲ್ಲಿ ಜಟ್ಟೆಪ್ಪನ ತಗಡಿನ ಶೆಡ್ಡು. ಒಂದು ಕಾಲಕ್ಕೆ ಸುತ್ತಲಿನ ಟ್ರ್ಯಾಕ್ಟರುಗಳೆಲ್ಲ ಅಲ್ಲಿಯೇ ಬಣ್ಣ ಕಾಣುತ್ತಿದ್ದವು. ಆರು ವರ್ಷದಿಂದ ಬಣ್ಣ ಹೊಡೆಯುವ ಕಂಪ್ರೆಸರ್ ಉಸಿರೆತ್ತಿರಲಿಲ್ಲ. ಬೆಳಗಾವಿಯಲ್ಲಿ ಹಳೇ ಗಾಡಿಗಳಿಗೆ ಮರುಜೀವ ಕೊಡುವುದರಲ್ಲಿ ಹೆಸರು ಮಾಡಿದ್ದ ಸಂದೀಪನಿಗೆ ಹೊಸದಾಗಿ ಒಪ್ಪಿಕೊಂಡ ಗಾಡಿಗೆಂದು ಒಂದು ತಿಂಗಳ ಮಟ್ಟಿಗೆ ದೊಡ್ಡ ಜಾಗ ಬೇಕಾಗಿತ್ತು; ಕಾಕಾನ ಶೆಡ್ಡು ಖಾಲಿ ಬಿದ್ದಿತ್ತು. ಸಂದೀಪ ಬಿ.ಎ. ಓದಿದವ. ಪ್ರಿನ್ಸಿಪಾಲರ ದನಿಯಲ್ಲಿ ಮೈಕಿನಲ್ಲಿ ರಜೆ ಸಾರಿ ಅರ್ಧ ಕಾಲೇಜನ್ನು ಮನೆಗೆ ಕಳಿಸಿದವ. ಗೋಡೆಯ ಮೇಲೆ ಬುದ್ಧನ ಚಿತ್ರವೊಂದನ್ನು ಬಿಟ್ಟು ಬೇರೇನೂ ಇರದ ಮನೆಯಲ್ಲಿ ಬೆಳೆದ ಅವನಿಗೆ ಲಿಂಬೆಹಣ್ಣೆಂದರೆ ಶರಬತ್ತು, ಕುಂಬಳಕಾಯಿಯೆಂದರೆ ಪಲ್ಯ.

“ಮಾಟ ಅಂದ್ರ ನನಗ ಮಾತಿನಾಟ ಒಂದ ಗೊತ್ತು ಕಾಕಾ,” ಎಂದ. “ಬಾನೆಟ್ ಬಿಟ್ಟು ಬಣ್ಣಾ ಹೊಡದ್ರ, ಮದುಮಗನ ಮಾರಿ ಬಿಟ್ಟು ಮೈಗೆ ಅರಿಷಿಣ ಹಚ್ಚಿಧಾಂಗ ಆಕ್ಕೈತಿ.”

ಶೆಡ್ಡಿನ ನಡುವೆ ಜೊಂಗಾ ನಿಂತಿತ್ತು. ಸೈನ್ಯದ ಹರಾಜಿನಿಂದ ಬಂದ ಗಾಡಿ. ಜೀಪಿಗಿಂತ ಅಗಲ, ಗೂಳಿಯ ಹೆಗಲಿನಂಥ ಮಡ್‌ಗಾರ್ಡು. ಮೈತುಂಬ ಬಿರುಕುಬಿಟ್ಟ ಕರಿ ಬಣ್ಣ. ಬಾನೆಟ್ಟಿನ ಮೇಲೆ ಮಾತ್ರ ಒಂದು ಹಿಡಿಯಷ್ಟು ಮಣ್ಣು ಬಣ್ಣದೊಳಗೇ ಹೂತು ಗಟ್ಟಿಯಾಗಿತ್ತು. ನಿಜಗುಣಪ್ಪ ಸಾವ್ಕಾರನ ಗಾಡಿ ಅದು. ಅದಕ್ಕೆ ಮೊದಲಿನ ಮಿಲಿಟರಿ ಹಸಿರು ಬಳಿಸಿ, ಕಿತ್ತೂರು ಉತ್ಸವದ ಮೆರವಣಿಗೆಯಲ್ಲಿ ಅದರ ಮೇಲೆ ನಿಂತು ಜನರಿಗೆ ಕೈ ಬೀಸಬೇಕೆಂಬುದು ಅವನ ಆಸೆ.

ಆ ಮಣ್ಣಿನ ಕತೆಯನ್ನು ಜಟ್ಟೆಪ್ಪ ಹೊರಗೆ ಬೇವಿನ ಕೆಳಗೆ ಕುಳಿತು ಹೇಳಿದ. ಶೆಡ್ಡಿನೊಳಗೆ ಹೇಳಲು ಒಪ್ಪಲಿಲ್ಲ.

ಆರು ವರ್ಷದ ಹಿಂದಿನ ಸುಗ್ಗಿ. ಬಾಯವ್ವನೆಂಬ ಮುದಿ ವಿಧವೆಯ ಒಬ್ಬನೇ ಮಗ ಅಪ್ಪು, ಡಾಂಬರು ರಸ್ತೆಯ ಅಂಚಿಗೆ ಗೋವಿನಜೋಳ ಒಣಹಾಕಿ, ಕಾಯಲೆಂದು ರಾಶಿಯ ಪಕ್ಕದಲ್ಲೇ ಮಲಗಿದ್ದ. ಕುಡಿದಿದ್ದ ನಿಜಗುಣಪ್ಪ ಚೇಷ್ಟೆಗೆಂದು ರಾಶಿಯ ಮೇಲೆ ಜೊಂಗಾ ಹಾಯಿಸಿದ. ರಾಶಿಯ ಜೊತೆಗೆ ಅಪ್ಪುವಿನ ಮೇಲೂ. ಬೆಳಕು ಹರಿಯುವ ಮೊದಲೇ ಗಾಡಿ ಜಟ್ಟೆಪ್ಪನ ಶೆಡ್ಡಿಗೆ ಬಂತು. ಹಸಿರು ಗಾಡಿ ಮೂರು ದಿನದೊಳಗೆ ಕರಿದಾಗಬೇಕೆಂದು ಹುಕುಂ ಆಯಿತು. ಬಂಪರಿಗೆ ಹತ್ತಿದ್ದು ಏನೆಂದು ಜಟ್ಟೆಪ್ಪ ಕೇಳಲಿಲ್ಲ. ತೊಳೆದ. ಬಳಿದ.

ಮೂರನೆಯ ದಿನ ಕೊನೆಯ ಕೋಟು ಇನ್ನೂ ಹಸಿಯಿರುವಾಗ ಬಾಯವ್ವ ಬಂದಳು. ಉಡಿಯಲ್ಲಿ ಮಗನನ್ನು ಹೂತ ಕುಣಿಯ ಮಣ್ಣು. ಮೊದಲ ಹಿಡಿಯನ್ನು ಬಾನೆಟ್ಟಿಗೆ ತೂರಿದಳು: ನನ್ನ ಮಗನ ರಕ್ತದ ಮೇಲೆ ಹಚ್ಚಿದ ಬಣ್ಣ ನಿಲ್ಲದಿರಲಿ. ಎರಡನೆಯದನ್ನು ಜಟ್ಟೆಪ್ಪನ ಕೈಗೆ ತೂರಿದಳು: ಹಚ್ಚಿದ ಕೈ ಮುಚ್ಚಿದ್ದು ಬಿಚ್ಚದಿರಲಿ. ಮೂರನೆಯ ಹಿಡಿ ತುಂಬಿಕೊಂಡು, ಗಾಡಿ ಒಯ್ಯಲು ಬಂದು ನಿಂತಿದ್ದ ನಿಜಗುಣಪ್ಪನ ಕಡೆ ತಿರುಗುವಷ್ಟರಲ್ಲಿ ಊರ ಹಿರಿಯರು ಓಡಿಬಂದು ಅವಳ ಮಣಿಕಟ್ಟು ಹಿಡಿದರು. ಒಬ್ಬ ಬಾಯಿ ಒತ್ತಿದ. ಮಾತು ಗಂಟಲಲ್ಲೇ ಉಳಿಯಿತು.

“ಹನ್ನೊಂದ ದಿನ ಬದುಕಿದ್ಲಪಾ,” ಎಂದ ಜಟ್ಟೆಪ್ಪ. “ಮುಷ್ಟಿ ಬಿಚ್ಚಲಿಲ್ಲ. ಒಂದ ಮಾತ ಆಡ್ಲಿಲ್ಲ. ಮುಚ್ಚಿದ ಕೈಲೇ ಮಣ್ಣಿಗ ಹೋದ್ಲು.”

ಆಮೇಲೆ ತೋಳು ಸರಿಸಿ ಬಲಗೈ ತೋರಿಸಿದ. ಐದೂ ಬೆರಳು ಒಳಕ್ಕೆ ಮಡಚಿ, ಉಗುರು ಅಂಗೈಯೊಳಗೆ ಬೆಳೆದು, ಬೇರು ಸಮೇತ ಕಿತ್ತ ಗೆಣಸಿನಂತಿತ್ತು. ಇದಕ್ಕೆ ಲಕ್ವ ಅನ್ನುತ್ತಾರೆಂದು ಸಂದೀಪ ತಿಳಿಹೇಳಿದ. ಆದರೂ ನಿಜಗುಣಪ್ಪನ ಮೇಲೆ ಅವನಿಗೆ ಸಿಟ್ಟು ಬಂತು. ಕೇಸು ಏನಾಯಿತೆಂದು ಕೇಳಿದ. ಯಾವ ಕೇಸು ಎಂಬಂತೆ ಕಾಕಾ ನೋಡಿದ.

ಸಂಜೆ ಏಳಕ್ಕೆ ಬೆಳಗಾವಿಯಿಂದ ಫೋನು ಬರುವುದು ಪದ್ಧತಿ. ಹೆಂಡತಿ ರೇಣು ಎರಡು ಮಾತಾಡಿ ನಾಲ್ಕು ವರ್ಷದ ಮಗಳು ಸಂಘಮಿತ್ರಾಳ ಕೈಗೆ ಕೊಡುತ್ತಿದ್ದಳು. ಸಂದೀಪ ಬಸ್ಸಿನ ಕಂಡಕ್ಟರನಾಗುತ್ತಿದ್ದ, ಕಾಗೆಯಾಗುತ್ತಿದ್ದ, ಅಂಗನವಾಡಿಯ ಟೀಚರಾಗುತ್ತಿದ್ದ. ಎಲ್ಲ ಮುಗಿದ ಮೇಲೆ ಮಗಳು, “ಈಗ ಅಪ್ಪನ ದನಿ ಮಾಡು,” ಅನ್ನುವಳು. ಅವನು ತನ್ನ ಸ್ವಂತ ದನಿಯಲ್ಲಿ, “ಮಲಗ ಮಿತ್ರಾ,” ಅನ್ನುವನು. ಅದು ಕಿವಿಗೆ ಬೀಳದೆ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ಲೋಕದ ದನಿಗಳನ್ನೆಲ್ಲ ಕದ್ದವನಿಗೆ ಸ್ವಂತದ್ದೊಂದು ಇದೆಯೆಂದು ನೆನಪಾಗುತ್ತಿದ್ದುದು ಆ ಎರಡು ಶಬ್ದಗಳಲ್ಲಿ ಮಾತ್ರ.

ಮರುದಿನ ಕೆಲಸ ಶುರುವಾಯಿತು. ಗಾಡಿಯ ಅಡಿಗೆ ನೀರು ಹೊಡೆದಾಗ ಮುಂದಿನ ಸ್ಪ್ರಿಂಗಿನ ಪಾಟಾದ ಸಂದಿನಿಂದ ಗೋವಿನಜೋಳದ ಕಾಳು ಉದುರಿದವು. ಗ್ರೀಸು, ತುಕ್ಕು, ಆರು ವರ್ಷದ ಕತ್ತಲು. ಅಷ್ಟರ ನಡುವೆಯೂ ಕಾಳುಗಳಿಗೆ ಬೆರಳುದ್ದದ ಬಿಳಿ ಮೊಳಕೆ ಬಂದಿತ್ತು. ಕಾಂತೇಶ ಎದ್ದು ತನ್ನ ಅಂಗಡಿಗೆ ಹೋದ. ಸಂದೀಪ ಕಾಳುಗಳನ್ನು ಗುಡಿಸಿ ಹೊರಗೆ ಚೆಲ್ಲಿದ.

ವಾಟರ್ ಪೇಪರೆಂಬ ಮರಳುಕಾಗದದಿಂದ ಉಜ್ಜಿದಂತೆ ಕರಿ ಹೋಗಿ ಹಸಿರು ಬಂತು, ಹಸಿರಿನ ಕೆಳಗೆ ಬಿಳಿ ಬಾಣದ ಗುರುತಿನ ಸೈನ್ಯದ ನಂಬರು ಬಂತು, ಕೊನೆಗೆ ಕಬ್ಬಿಣ ಬಂತು. ಬಾನೆಟ್ಟನ್ನೂ ಬಿಡಲಿಲ್ಲ. ಹೂತ ಮಣ್ಣನ್ನು ಕೆರೆದು ತೆಗೆದ. ತಗಡು ಕನ್ನಡಿಯಂತಾಯಿತು. ಕಾಕಾನನ್ನು ಕರೆದು ತೋರಿಸಿ, ಅಡಿಬಣ್ಣದ ಪ್ರೈಮರ್ ಹೊಡೆದ.

ಒಣಗಿದ ಮೇಲೆ ನೋಡಿದರೆ ಬಾನೆಟ್ಟಿನ ಮೇಲೆ ಹಿಡಿಯಷ್ಟು ಜಾಗ ತರಿತರಿ.

ಧೂಳು ಕುಳಿತಿರಬೇಕು. ಉಜ್ಜಿದ. ಬಣ್ಣವನ್ನು ಎರಡು ಸಲ ಸೋಸಿದ. ನೆಲಕ್ಕೆ ನೀರು ಚಿಮುಕಿಸಿದ. ನಾಲ್ಕೂ ಕಡೆ ತಾಡಪಾಲು ಇಳಿಬಿಟ್ಟು ನಡು ಮಧ್ಯಾಹ್ನವನ್ನು ಕತ್ತಲು ಮಾಡಿಕೊಂಡು ಮತ್ತೆ ಹೊಡೆದ. ಮತ್ತೆ ತರಿ, ಅದೇ ಜಾಗದಲ್ಲಿ. ಈ ಸಲ ಬೆರಳು ಬಿಡಿಸಿ ತೂರಿದ ಗೆರೆಗಳೂ ಇದ್ದವು. ಥಿನ್ನರಿನ ವಾಸನೆಯ ಕೆಳಗೆ ಬೇರೊಂದು ವಾಸನೆ ಇತ್ತು: ಈಗಷ್ಟೇ ಅಗೆದ ಎರೆಮಣ್ಣಿನದು. ನಾಲ್ಕನೆಯ ಸಲ ಉಜ್ಜುವಾಗ ಪೇಪರಿನ ಸರಸರ ಸದ್ದಿನೊಳಗೆ ಒಂದು ದನಿ ಕೇಳಿದಂತಾಯಿತು. ಉಜ್ಜುವುದನ್ನು ನಿಲ್ಲಿಸಿದರೆ ದನಿಯೂ ನಿಂತಿತು. ಮತ್ತೆ ಉಜ್ಜಿದ. ಮುಪ್ಪಿನ ಹೆಂಗಸಿನ ಒಣ ದನಿ, ಸಕಾರ ಬಂದಲ್ಲೆಲ್ಲ ಸಣ್ಣ ಸಿಳ್ಳೆ. ಸಂದೀಪನ ಕಿವಿ ಕಳ್ಳಕಿವಿ, ಬಿದ್ದದ್ದನ್ನು ಬಿಡುತ್ತಿರಲಿಲ್ಲ. ಕಾಕಾ ನೀರಿನ ಕೊಡ ಹೊತ್ತು ಒಳಗೆ ಬಂದಾಗ ಅವನನ್ನು ನಗಿಸಲೆಂದು, ಅದೇ ದನಿಯಲ್ಲಿ, “ಸನಿಹಕ್ಕ ಬಂದೇನೋ ಜಟ್ಟೆಪ್ಪಾ,” ಅಂದುಬಿಟ್ಟ.

ಕೊಡ ಕೆಳಗೆ ಬಿತ್ತು.

“ಮುಂದಿನ ಹಲ್ಲ ಬಿದ್ದಿತ್ತು ಬಾಯವ್ವಂದು,” ಎಂದ ಜಟ್ಟೆಪ್ಪ. “ಹಿಂಗ ಸಿಳ್ಳಿ ಬರತಿತ್ತು. ಎಲ್ಲಿ ಕೇಳಿದಿ ನೀ ಆ ದನಿ?”

ಸುಮ್ಮನೆ ಊಹೆಯಿಂದ ಮಾಡಿದೆನೆಂದು ಸಂದೀಪ ನಕ್ಕ. ನಗು ಪೂರ್ತಿ ಬರಲಿಲ್ಲ.

“ಆ ದನಿ ಮತ್ತ ತೆಗಿಬ್ಯಾಡಪಾ. ನಿನ್ನ ಕಾಲಿಗೆ ಬೀಳ್ತೇನಿ. ಅದಕ್ಕ ಒಂದ ಬಾಯಿ ಬೇಕಾಗೇತಿ.”

ಆ ಸಂಜೆ ಫೋನಿನಲ್ಲಿ “ಮಲಗ ಮಿತ್ರಾ” ಅಂದಾಗ ಗಂಟಲಲ್ಲಿ ಮರಳು ಕಡಿದಂತಾಯಿತು. ಮಗಳು ಎರಡು ಸಲ ಹೇಳಿಸಿಕೊಂಡಳು. ಎರಡನೆಯ ಸಲಕ್ಕೆ ಸರಿಯಾಗಿ ಬಂತು. ಬಣ್ಣದ ಘಾಟು, ಅಂದುಕೊಂಡ.

ಕೊನೆಯ ಹಸಿರು ಕೋಟಿನ ದಿನ ನಿಜಗುಣಪ್ಪ ಬಂದ. ಬಿಳಿ ಅಂಗಿ, ಬಿಳಿ ಧೋತರ, ಅತ್ತರಿನ ಘಮ. ಹಿಂದೆ ನಾಲ್ಕು ಜನ ನಗುವವರು. ಬಣ್ಣ ಆಗಷ್ಟೇ ಹೊಡೆದದ್ದರಿಂದ ತಾಡಪಾಲು ಇಳಿಬಿದ್ದೇ ಇದ್ದವು. ಹೊರಗೆ ಹನ್ನೆರಡರ ಬಿಸಿಲು, ಒಳಗೆ ಹಸಿರು ಕತ್ತಲು. ನಿಜಗುಣಪ್ಪ ಗಾಡಿಯ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ತರಿಯ ಎದುರು ನಿಂತ. ಆ ಮುದುಕಿಯ ಮಣ್ಣು ಇನ್ನೂ ಹೋಗಿಲ್ಲವೇ ಎಂದು ಕೇಳಿ, ತನ್ನ ಎದೆ ತಟ್ಟಿಕೊಂಡು, ಆರು ವರ್ಷದಲ್ಲಿ ತನಗೊಂದು ನೆಗಡಿಯೂ ಆಗಿಲ್ಲವೆಂದು ಹೇಳಿದ. ನಾಲ್ವರೂ ನಕ್ಕರು.

ಸ್ಟೇರಿಂಗಿನ ಮುಂದೆ ಏರಿ ಕುಳಿತು, “ದನಿ ತೆಗೀತಿಯಂತಲ್ಲಪಾ ತಮ್ಮಾ. ನಂದ ಮಾಡ ನೋಡೂಣು,” ಎಂದ.

ಸಂದೀಪ ಮಾಡಿದ. ಹೊಟ್ಟೆಯಿಂದ ಬರುವ ಆ ಗತ್ತು, ಎದೆ ತಟ್ಟುವ ಸದ್ದು, ನೆಗಡಿಯ ಮಾತು. ಮೂಲಕ್ಕಿಂತ ನಕಲೇ ಹೆಚ್ಚು ಹೊಲಸಾಗಿ ಕೇಳಿಸಿತು. ನಾಲ್ವರು ನಗಬೇಕೋ ಬೇಡವೋ ತಿಳಿಯದೆ ಧಣಿಯ ಮುಖ ನೋಡಿದರು. ಧಣಿ ಹಲ್ಲು ಕಡಿದ.

“ಈಗ ಆ ಮುದುಕೀದ ಮಾಡು. ಪೂರಾ ಮಾಡು. ಅವತ್ತ ಅರ್ಧಕ್ಕ ನಿಂತತಿ.”

ಮೂಲೆಯಲ್ಲಿದ್ದ ಜಟ್ಟೆಪ್ಪ ಬೇಡವೆಂದು ತಲೆಯಾಡಿಸಿದ. ಸಂದೀಪನಿಗೆ ಕಂಡಿತು. ಪಾಟಾದ ಸಂದಿನ ಬಿಳಿ ಮೊಳಕೆಯೂ ಕಣ್ಣಮುಂದೆ ಬಂತು. ಈ ಮನುಷ್ಯನ ಮುಖದ ಮೇಲಿನ ನಗುವನ್ನು ಒಂದೇ ಒಂದು ಗಳಿಗೆ ಒರೆಸಬೇಕು, ಅಷ್ಟೇ. ಎರಡು ಹಿಡಿ ಮಾಡಿ ನಿಲ್ಲಿಸಿದರಾಯಿತು. ಬಗ್ಗಿ ನೆಲದ ಮಣ್ಣು ತೆಗೆದುಕೊಂಡ. ಚಿಮುಕಿಸಿದ ನೀರು ಆರಿ ನೆಲ ಒಣಗಿತ್ತು. ಅಂಗೈಗೆ ಬಂದದ್ದು ಹಸಿ ಮಣ್ಣು.

ಮೊದಲ ಹಿಡಿ. ಸಿಳ್ಳೆಯ ದನಿಯಲ್ಲಿ ಗಾಡಿಯ ಶಾಪ. ಶೆಡ್ಡಿನ ಆಚೆ ನಾಯಿಯೊಂದು ಊಳಿಟ್ಟಿತು.

ಎರಡನೆಯ ಹಿಡಿ. ಕೈಯ ಶಾಪ. ತಾಡಪಾಲು ಗಾಳಿಯಿಲ್ಲದೆ ಒಳಕ್ಕೆ ಉಬ್ಬಿತು.

ಸಾಕು. ಬಾಯಿ ಮುಚ್ಚಲು ನೋಡಿದ. ಮುಚ್ಚಲಿಲ್ಲ. ಬೆನ್ನು ತಾನಾಗಿ ಬಾಗಿತು. ಕೈ ನೆಲಕ್ಕೆ ಹೋಯಿತು. ಅವನು ಕಳಿಸಿರಲಿಲ್ಲ. ಬೆರಳು ಮುಚ್ಚಿದವು. ಮಣಿಕಟ್ಟಿನ ಮೇಲೆ ಯಾರೋ ಹಿಡಿದ ಹಳೆಯ ಬಿಗಿ. ಆ ಬಿಗಿ ಒಂದೊಂದೇ ಬೆರಳಾಗಿ ಸಡಿಲಿತು. ಕೈ ಮೇಲೆದ್ದಿತು.

“ನಿಜಗುಣ್ಯಾ. ನನ್ನ ಕೂಸಿನ ಮ್ಯಾಲ ಹಾಯಿಸಿದಿ. ನಿನ್ನ ಬಾಯಿಗೆ ಮಣ್ಣ ಬೀಳ್ಲಿ.”

ಕೈ ಮಣ್ಣು ತೂರಿತು. ಯಾರಿಗೂ ಬಿದ್ದಂತೆ ಕಾಣಲಿಲ್ಲ. ನಿಜಗುಣಪ್ಪ ನಗಲೆಂದು ಬಾಯಿ ತೆರೆದ. ಕೆಮ್ಮಿದ. ಮತ್ತೆ ಕೆಮ್ಮಿದ. ತುಟಿಯ ಅಂಚಿಗೆ ಕರಿ ಹುಡಿ ಬಂತು. ಆಮೇಲೆ ಹೆಂಟೆ. ಎರಡೂ ಕೈಯಿಂದ ಬಾಯೊಳಗಿನ ಮಣ್ಣು ತೋಡತೊಡಗಿದ. ತೋಡಿದಷ್ಟೂ ಬಂತು. ಹಿಡಿಯಲ್ಲ, ಬುಟ್ಟಿಯಷ್ಟು. ಬಿಳಿ ಅಂಗಿ ಎರೆಹೊಲವಾಯಿತು. ಹಾರ್ನು ಕೂಗಿತು. ಬ್ಯಾಟರಿ ಬಿಚ್ಚಿಟ್ಟು ವಾರವಾಗಿತ್ತು. ಆದರೂ ಕೂಗಿತು. ನಾಲ್ವರು ತಾಡಪಾಲು ಹರಿದುಕೊಂಡು ಓಡಿದರು. ಬಿಸಿಲು ನುಗ್ಗಿತು. ಆ ಬೆಳಕಿನಲ್ಲಿ ಸಂದೀಪ ನೋಡಿದ್ದು ಒಂದನ್ನೇ: ತೆರೆದೇ ಉಳಿದ ಆ ಬಾಯೊಳಗೆ, ಕರಿ ಮಣ್ಣಿನ ನಡುವೆ, ಬೆರಳುದ್ದದ ಬಿಳಿ ಮೊಳಕೆ.

ಹಾರ್ನು ನಿಂತಿತು.

ಬಾನೆಟ್ಟು ಹೊಳೆಯುತ್ತಿತ್ತು. ಒಂದು ತರಿಯೂ ಇರಲಿಲ್ಲ. ಮೂಲೆಯಲ್ಲಿ ಜಟ್ಟೆಪ್ಪ ತನ್ನ ಬಲಗೈಯನ್ನು ಮುಖದ ಹತ್ತಿರ ಹಿಡಿದುಕೊಂಡು ನೋಡುತ್ತಿದ್ದ. ಬೆರಳು ಬಿಚ್ಚುತ್ತಿದ್ದವು. ಆರು ವರ್ಷ ಮುಚ್ಚಿದ್ದ ಅಂಗೈಯಿಂದ ಚಿಟಿಕೆ ಮಣ್ಣು ಉದುರಿತು. ಸಂದೀಪ, “ಕಾಕಾ, ನೀರ ತಾ,” ಎಂದು ಕೂಗಿದ. ಜಟ್ಟೆಪ್ಪ ಎರಡೂ ಕಿವಿ ಮುಚ್ಚಿಕೊಂಡ.

ಡಾಕ್ಟರು ಬಂದು, ಧೂಳು ಸಿಕ್ಕಿ ಉಸಿರುಗಟ್ಟಿದೆ ಎಂದರು. ಪೊಲೀಸರು ಸಂದೀಪನನ್ನು ಏನು ಕೇಳಿದರೂ ಅವನು ಬಾಯಿ ತೆರೆಯಲಿಲ್ಲ. ಹೆದರಿದ್ದಾನೆಂದು ಬಿಟ್ಟರು.

ಏಳಕ್ಕೆ ಫೋನು ಬಂತು. ಬೇವಿನ ಕೆಳಗೆ ಕುಳಿತಿದ್ದ ಸಂದೀಪ ಅದನ್ನು ನೋಡುತ್ತಲೇ ಇದ್ದ. ಒಮ್ಮೆ ನಿಂತು ಮತ್ತೆ ಬಂತು. ಜಟ್ಟೆಪ್ಪ ತನ್ನ ಹೊಸ ಬಲಗೈಯಿಂದ ಅದನ್ನು ಎತ್ತಿ, ಹಸುಳೆಗೆ ಹಾಲು ಹಿಡಿದಂತೆ, ಅಣ್ಣನ ಮಗನ ಕಿವಿಗೆ ಹಿಡಿದ.

“ಅಪ್ಪಾ, ಇವತ್ತ ಯಾರ ದನಿ?”

ಸಂದೀಪ ಹೆಸರೊಂದನ್ನು ಹೇಳಲು ಹೋದ. ಸಿಳ್ಳೆ ಬಂತು. “ಕೂಸ, ಉಂಡ್ಯಾ?” ಎಂದಿತು ಒಣ ಮುಪ್ಪಿನ ದನಿ, ಅಕ್ಕರೆಯಿಂದ.

ಆಚೆ ಮಗಳು ಕಿಲಕಿಲ ನಕ್ಕಳು. ಇದು ಹೊಸ ಅಜ್ಜಿ ಎಂದು ಅಮ್ಮನಿಗೆ ಕೂಗಿ ಹೇಳಿದಳು. ಇನ್ನೊಮ್ಮೆ, ಮತ್ತೊಮ್ಮೆ ಎಂದು ಹಟ ಹಿಡಿದು ಮಾಡಿಸಿಕೊಂಡಳು. ಸಂದೀಪನ ಕಣ್ಣಿಂದ ನೀರು ಇಳಿದು ಗಡ್ಡಕ್ಕೆ ಹತ್ತಿದ ಹಸಿರು ಬಣ್ಣದ ತುಂತುರಿನಲ್ಲಿ ಸೇರುತ್ತಿತ್ತು. ಕೊನೆಗೆ ಅವಳಿಗೆ ಆಕಳಿಕೆ ಬಂತು. ದಿಂಬು ಸರಿಮಾಡಿಕೊಂಡ ಸದ್ದು ಕೇಳಿಸಿತು.

“ಅಜ್ಜಿ ಸಾಕಪಾ. ನಿದ್ದಿ ಬಂತು. ಈಗ ಅಪ್ಪನ ದನಿ ಮಾಡು.”