ಇಂಟು ಮಾರ್ಕ್ ಬಿದ್ದ ಹದಿನೇಳು

"ನನ್ ಮಗ್ಳು ಕದ್ದಿಲ್ಲ ಕಣಮ್ಮ. ಯಾವ ದೇವ್ರ ಮುಂದೆ ಬೇಕಾದ್ರೂ ನಿಂತು ಯೋಳ್ತೀನಿ."

ಸೀಬೆಕಾಯಿ ಮಾರುವ ಅಂಜನಮ್ಮ ಮಹಾದೇವಿಯವರ ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಒಳಗೆ ಕೂತಿದ್ದ ನನ್ನನ್ನು ಕಂಡೊಡನೆ ಅವರ ಮಾತು ನಿಂತಿತು. ಅವರ ಮಗಳು ಯಮುನಾಳನ್ನು ಆ ಬೆಳಿಗ್ಗೆ ಕಳ್ಳಿ ಎಂದವನು ನಾನೇ.

ಅದು ೧೯೯೬. ಹೂಡಿಯ ಹಳೆಯ ಹೆಂಚಿನ ಮನೆಯೊಂದರಲ್ಲಿ ಹೇಮಲತಾ ಮೇಡಂ ಪುಟ್ಟ ಶಾಲೆ ನಡೆಸುತ್ತಿದ್ದರು. ಬೆತ್ತವಿಲ್ಲ, ರ‍್ಯಾಂಕ್ ಇಲ್ಲ. ಏಳನೆಯ ತರಗತಿಗೆ ಒಂಬತ್ತೇ ಮಕ್ಕಳು. ನಾನು ಕನ್ನಡ ಕಲಿಸುತ್ತಿದ್ದೆ. ಗಣಿತಕ್ಕೆ ಅಮರಪ್ಪ, ವೈಟ್‌ಫೀಲ್ಡ್‌ನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದು, ಮಕ್ಕಳಿಗೆ ಕಲಿಸುವ ಆಸೆಗೆ ಕೆಲಸ ಬಿಟ್ಟು ಬಂದವರು. ಅದೇ ಮನೆಯ ಮುಂದಿನ ಕೋಣೆಯಲ್ಲಿ ಮಹಾದೇವಿಯವರ ವಾಸ. ದಾವಣಗೆರೆಯವರು, ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಕಾಣೆಯಾದ ಟಪಾಲು ಹುಡುಕಿ ನಿವೃತ್ತರಾಗಿದ್ದರು. ಊರಲ್ಲಿ ಏನು ಕಳೆದರೂ ಜನ ಅವರಲ್ಲಿಗೇ ಬರುತ್ತಿದ್ದರು. ಅವರು ಹೊರಟಲ್ಲೆಲ್ಲ ನಾನು ಜೊತೆಗಿರುತ್ತಿದ್ದೆ.

"ಏನಾತು ಅಂತ ನೀವೇ ಹೇಳ್ರಿ, ಗುರುರಾಜ್," ಎಂದರು ಮಹಾದೇವಿಯವರು.

ಹೇಳಿದೆ. ಬುಧವಾರ ಶಿಕ್ಷಣ ಇಲಾಖೆಯ ಗಣಿತ ಪರಿವೀಕ್ಷಕರು ಮಕ್ಕಳ ಪುಸ್ತಕ ನೋಡಲು ಬರುವವರಿದ್ದರು. ಶಾಲೆಯ ಮಾನ್ಯತೆ ಅದರ ಮೇಲೆ ನಿಂತಿತ್ತು. ಸೋಮವಾರ ಬೀರು ತೆಗೆದರೆ ಎಂಟು ಮಕ್ಕಳ ಗಣಿತದ ನೋಟ್‌ಬುಕ್ ಇಲ್ಲ. ಉಳಿದದ್ದು ಯಮುನಾಳದು ಮಾತ್ರ; ಬೀರುವಿನಲ್ಲಿಡದೆ ಮನೆಗೆ ಒಯ್ದಿದ್ದರಿಂದ ಅದು ಅವಳ ಚೀಲದಲ್ಲಿತ್ತು. ಶುಕ್ರವಾರ ಅವಳು ಒಂದು ಲೆಕ್ಕದ ಉತ್ತರಕ್ಕೆ ಅಮರಪ್ಪನವರ ಜೊತೆ ವಾದ ಮಾಡಿ ಬೈಸಿಕೊಂಡಿದ್ದಳು. ಆ ಸಿಟ್ಟಿಗೇ ಮಾಡಿದ್ದಾಳೆಂದು ನಾನು ಎಲ್ಲ ಮಕ್ಕಳ ಎದುರು ಅವಳ ಚೀಲವನ್ನು ನೆಲಕ್ಕೆ ಸುರಿಸಿ, ಅವಳನ್ನು ಮನೆಗೆ ಕಳಿಸಿದ್ದೆ.

ಮಹಾದೇವಿಯವರು ತರಗತಿಗೆ ನಡೆದರು. ಬೀರುವಿನ ಬೀಗ ಒಡೆದಿರಲಿಲ್ಲ. ಬೀಗದಕೈ ಎಲ್ಲರಿಗೂ ಗೊತ್ತಿದ್ದ ಮೊಳೆಯಲ್ಲೇ ತೂಗುತ್ತಿತ್ತು. ಚಿತ್ರಕಲೆಯ, ಕನ್ನಡದ ಪುಸ್ತಕಗಳು ಇದ್ದಲ್ಲೇ ಇದ್ದವು. ಆಮೇಲೆ ಅವರು ತಲೆಯೆತ್ತಿ ಗೋಡೆ ನೋಡಿದರು. ನಾನು ತುದಿಗಾಲಲ್ಲಿ ನಿಂತರಷ್ಟೇ ಕೈ ನಿಲುಕುವ ಎತ್ತರದಲ್ಲಿ ನಾಲ್ಕು ಪಿನ್ನುಗಳು, ಪ್ರತಿಯೊಂದಕ್ಕೂ ಹರಿದ ಕಾಗದದ ಚೂರು.

"ಇಲ್ಲಿ ಏನಿತ್ತು?"

"ಅಮರಪ್ಪನವರು ಬರೆದ ಲೆಕ್ಕದ ನಿಯಮಗಳ ಚಾರ್ಟ್. ಹಳೇದಾಯ್ತು ಅಂತ ತೆಗೆದಿರ್ಬೇಕು."

"ಹಳೇದು ತೆಗೆಯೋರು ಪಿನ್ ಬಿಚ್ಚಿ ತೆಗೀತಾರ್ರಿ. ಇದನ್ನ ಯಾರೋ ಅವಸರದಾಗ ಕಿತ್ತಾರ." ಬಳಿಕ ಯಮುನಾಳ ನೋಟ್‌ಬುಕ್ ತರಿಸಿ, ಶುಕ್ರವಾರದ ಪುಟವನ್ನು ಬಹಳ ಹೊತ್ತು ನೋಡಿದರು.

ಸಂಜೆ ನಾಲ್ಕಕ್ಕೆ ಎಲ್ಲರನ್ನೂ ಅದೇ ಕೋಣೆಗೆ ಕರೆಸಿದರು: ಹೇಮಲತಾ ಮೇಡಂ, ಅಮರಪ್ಪ, ನಾನು, ಅಂಜನಮ್ಮ, ತಾಯಿಯ ಸೆರಗು ಹಿಡಿದ ಯಮುನಾ.

"ಕದ್ದೋರಿಗೆ ಗಣಿತದ ಪುಸ್ತಕ ಮಾತ್ರ ಬೇಕಿತ್ತು," ಎಂದು ಶುರುಮಾಡಿದರು. "ಜೊತೆಗೆ ಚಾರ್ಟೂ ಬೇಕಿತ್ತು. ಬೈಸಿಕೊಂಡ ಹುಡುಗಿಗೆ ಚಾರ್ಟ್ ಯಾಕ? ಆ ಎತ್ತರಕ್ಕ ಅವಳ ಕೈ ಹೋಗೂದಿಲ್ಲ. ಅವಳೇ ಕಳ್ಳಿ ಆಗಿದ್ರ, ತನ್ನದೊಂದೇ ಉಳಿಸ್ಕೊಂಡು, ನಾನು ಕೇಳಿದ ಕೂಡಲೇ ಯಾಕ ತೆಗೆದು ಕೊಡ್ತಿದ್ಲು? ಚಾರ್ಟ್‌ನ್ಯಾಗೂ ಪುಸ್ತಕದಾಗೂ ಒಂದೇ ಏನೋ ಇತ್ತು. ಅದು ಪರಿವೀಕ್ಷಕರ ಕಣ್ಣಿಗೆ ಬೀಳಬಾರದಿತ್ತು."

ಅವರು ಹಲಗೆಯ ಮೇಲೆ ಬರೆದರು: ೨೦ − ೮ + ೫.

"ಯಮುನಾ, ನೀನು ಎಷ್ಟು ಬರೆದಿದ್ದಿ?"

"ಹದಿನೇಳು," ಎಂದಳು, ಕೇಳಿಸಿಯೂ ಕೇಳಿಸದಂತೆ. "ಇಪ್ಪತ್ತು ಸೀಬೆಕಾಯಲ್ಲಿ ಎಂಟು ಮಾರಿದ್ರೆ ಹನ್ನೆರಡು. ಇನ್ನೈದು ಕಿತ್ಕೊಂಡು ಬಂದ್ರೆ ಹದಿನೇಳು."

"ಸರಿ ಐತಿ. ಆದ್ರ ಇಲ್ಲಿ ಇಂಟು ಮಾರ್ಕ್ ಬಿದ್ದದ. ಪಕ್ಕದಾಗ ಕೆಂಪು ಶಾಯಿಲೆ ಏಳು ಅಂತ ಬರೆದದ. ಕೂಡೂದು ಮೊದಲು, ಕಳೆಯೂದು ಆಮೇಲೆ ಅಂತ ತಿಳಿದೋರಿಗೆ ಎಂಟೂ ಐದೂ ಕೂಡಿ ಹದಿಮೂರು. ಇಪ್ಪತ್ತರಾಗ ಹದಿಮೂರು ಹೋದ್ರ ಏಳು. ಖರೇ ಅಂದ್ರ ಎರಡಕ್ಕೂ ಒಂದೇ ಮಟ್ಟ, ಎಡದಿಂದ ಮಾಡ್ಕೋತ ಹೋಗಬೇಕು. ಉಳಿದ ಎಂಟು ಪುಸ್ತಕದಾಗ ಏಳಕ್ಕ ರೈಟ್ ಮಾರ್ಕ್ ಇರ್ತದ. ಅಲ್ಲೇನ್ರಿ, ಅಮರಪ್ಪ?"

ಅಮರಪ್ಪ ತಮ್ಮ ಬಟ್ಟೆಯ ಚೀಲದಿಂದ ಎಂಟು ನೋಟ್‌ಬುಕ್‌ಗಳನ್ನೂ ಮಡಿಸಿದ ಚಾರ್ಟನ್ನೂ ತೆಗೆದು ಮೇಜಿನ ಮೇಲಿಟ್ಟರು.

"ಶನಿವಾರ ಪಾಠ ತಯಾರು ಮಾಡೋವಾಗ ಗೊತ್ತಾಯ್ತು. ಎರಡು ವರ್ಷದಿಂದ ತಪ್ಪೇ ಕಲಿಸಿದ್ದೀನಿ. ತಿದ್ದಿ ವಾಪಸ್ ಇಡೋಣ ಅಂತ ಒಯ್ದೆ, ಅಷ್ಟರಲ್ಲಿ..." ಅವರು ನನ್ನತ್ತ ನೋಡಲಿಲ್ಲ. "ಚೀಲ ಸುರಿಸ್ದಾಗ ಹೇಳ್ಬೇಕಂತ ಬಾಯಿ ತೆಗ್ದೆ. ಮಾತು ಬರ್ಲಿಲ್ಲ. ನಾಚಿಕೆ."

ಹೇಮಲತಾ ಮೇಡಂ ಮುಖ ಮುಚ್ಚಿಕೊಂಡರು. ಅಮರಪ್ಪ ಯಮುನಾಳ ಮುಂದೆ ಮಂಡಿಯೂರಿ ಕೂತು, ಅವಳ ಪುಸ್ತಕದ ಇಂಟು ಮಾರ್ಕ್ ಹೊಡೆದುಹಾಕಿ, "ನಿನ್ನ ಉತ್ತರವೇ ಸರಿ, ಕ್ಷಮಿಸು" ಎಂದು ಬರೆದು ಸಹಿ ಹಾಕಿದರು. ಅವಳು ಅದನ್ನು ಓದಿ, ಪುಸ್ತಕ ಮುಚ್ಚಿದಳು.

ಮಹಾದೇವಿಯವರು ನನ್ನ ಕಡೆ ತಿರುಗಿದರು. "ಅವರು ಲೆಕ್ಕ ತಪ್ಪಿದ್ರು, ಗುರುರಾಜ್. ನೀವು ಲೆಕ್ಕ ಮಾಡ್ಲೇ ಇಲ್ಲ."

ಬಡವರ ಮನೆಯ ಮಗು, ಎದುರು ಮಾತಾಡುವ ಮಗು: ನನಗೆ ಸಾಕ್ಷಿಯಾಗಿ ಅಷ್ಟೇ ಸಾಕಾಗಿತ್ತು. "ನಾನು ದೊಡ್ಡ ತಪ್ಪು ಮಾಡ್ದೆ, ಯಮುನಾ. ನಾಳೆ ಎಲ್ಲ ಮಕ್ಕಳ ಮುಂದೆ ಹೇಳ್ತೀನಿ," ಎಂದೆ.

ಅವಳು ತಾಯಿಯ ಮುಖ ನೋಡಿ, ಆಮೇಲೆ ನನ್ನನ್ನು ನೋಡಿ ಕೇಳಿದಳು:

"ಅಂಗಾದ್ರೆ ನಾಳೆ ನಾನು ಸ್ಕೂಲ್ಗೆ ಬರ್ಬೋದಾ, ಸಾರ್?"